ಬೀಗತಿ ಅಂದ್ರ ಬೈಗಳಲ್ರಿ

ಪರದೇಶಕ್ಕ ಹೋಗಿ ಬಂದಮ್ಯಾಲ ಬೈಲಹೊಂಗಲದಾಗ ಮಂದಿ ನನ್ನ ಕೇಳಿದ್ದು ಎರಡ ಪ್ರಶ್ನೆ. ಅಲ್ಲಿ ಥಂಡಿ ಎಷ್ಟಿತ್ರಿ, ಊಟಕ್ಕ ಏನ ಮಾಡಿದ್ರಿ. ಥಂಡಿ ಭಾಳ ಇತ್ತು ಅಂದ್ರ ಮುಗೀತು. ಊಟದ ಪ್ರಶ್ನೆಗೆ ಉತ್ತರ ಹೇಳಾಕ ಅರ್ಧಾ ತಾಸು ಬೇಕು, ಅಷ್ಟ ಪುರಸೊತ್ತು ಇಟಗೊಂಡು ಯಾರೂ ಕೇಳೂದಿಲ್ಲ. ಅದಕ್ಕ ಬರದ ಬಿಡತೇನಿ.

ನಾ ಶಾಂತಾ. ಹೆಣ್ಣಮಕ್ಕಳ ಸಾಲ್ಯಾಗ ಇಪ್ಪತ್ತೈದು ವರ್ಷ ಅಕ್ಕೋರಾಗಿದ್ದಾಕಿ. ನನ್ನ ಬಾಯಿ ಜೋರು ಅಂತ ಊರಿಗೆಲ್ಲಾ ಗೊತ್ತೈತಿ. ನನ್ನ ತಂಗಿ ಮಾದೇವಿ ಬೆಳಗಾವ್ಯಾಗ ನರ್ಸಿಂಗ್ ಕಲ್ತು ಸ್ಕಾಟ್ಲಂಡಕ್ಕ ನೌಕರಿಗೆ ಹೋದ್ಲು. ಅಲ್ಲೇ ಆಲನ್ ಅನ್ನೋ ಹುಡುಗನ್ನ ಮದುವಿ ಆದ್ಲು. ಮೀನದ ದೋಣಿ ಎಂಜಿನ್ ರಿಪೇರಿ ಮಾಡಾಂವ, ಸಾಧು ಸ್ವಭಾವ.

ಮದುವಿ ಆಗಿ ಒಮ್ಮೆ ಇಬ್ಬರೂ ಊರಿಗೆ ಬಂದಿದ್ರು. ನಮ್ಮವ್ವ ನೇಸರಗಿ ಕಡೆಯಾಕಿ, ಭಾಳ ಕಟ್ಟಾ ಆಚಾರ. ಕೊರಳಾಗ ಲಿಂಗ ಇಲ್ಲದವರು ಆಕಿ ಲೆಕ್ಕದಾಗ ಭವಿ. ಭವಿ ಕೈದು ನೀರೂ ಕುಡ್ಯಾಂಗಿಲ್ಲ. ಮಾದೇವಿ ಲಿಂಗ ಬಿಚ್ಚಿ ಪೆಟ್ಟಿಗ್ಯಾಗ ಇಟ್ಟಾಳ ಅಂತ ತಿಳದ ಕೂಡಲೆ ಅವ್ವ ಆಕಿ ತಾಟು ಪಡಸಾಲ್ಯಾಗ ಇಟ್ಲು. ಹೆತ್ತ ಮಗಳಿಗೆ, ಹೊರಗ. ಮಾದೇವಿ ಅಲ್ಲೇ ಕುಂತ ಉಂಡು, ತಾಟು ತೊಳದು ಗ್ವಾಡಿಗೆ ಆನಿಸಿ ಇಟ್ಟು ಹೋದ್ಲು. ಸಾಲ್ಯಾಗ ಎಲ್ಲಾರೂ ಒಂದ ಅಂತ ಹುಡುಗ್ಯಾರಿಗೆ ಬಾಯಿಪಾಠ ಮಾಡಸತಿದ್ದ ನಾನು ಅವತ್ತ ತುಟಿ ಬಿಚ್ಚಲಿಲ್ಲ. ಇವತ್ತಿಗೂ ಅದನ್ನ ನೆನಿಸಿಕೊಂಡ್ರ ನನಗ ನಾಚಿಕಿ ಬರತೈತಿ.

ಒಂಬತ್ತು ವರ್ಷ ಆದಮ್ಯಾಲ ಒಂದಿನ ಎಸ್‌ಟಿಡಿ ಬೂತಿನಾಂವ ಮನಿಗೆ ಓಡಿ ಬಂದ. ಫೋನದಾಗ ಮಾದೇವಿ. "ಅಕ್ಕಾ, ಎದ್ಯಾಗ ಗಂಟ ಆಗಿತ್ತು, ತೆಗದಾರ. ಅವ್ವನ್ನ ಕರಕೊಂಡ ಬಾ" ಅಂದ್ಲು. ಅಷ್ಟ.

ನಾ ಅಳಕೋತ ಬಂದು ಹೇಳಿದ್ರ ಅವ್ವ ಅಳಲಿಲ್ಲ. "ನಂದ ಪಾಸ್‌ಪೋರ್ಟ್ ಮಾಡಸು" ಅಂದ್ಲು. ಅದರ ಬೆನ್ನಿಗೆ, "ಹೋಗತೇನಿ ಖರೆ. ಆದ್ರ ಆಕಿ ಕೈದು ಉಣ್ಣಂಗಿಲ್ಲ, ಮೊದಲ ಹೇಳಿ ಇಡತೇನಿ" ಅಂದ್ಲು. ತೊಂಬತ್ತರ ದಶಕ ಮುಗಿಯೂ ಹೊತ್ತಿನ ಮಾತಿದು.

ವಿಮಾನದ ಠಾಣೆದಾಗ

ಅವ್ವನ ಸಾಮಾನದಾಗ ಸೀರಿ ನಾಕು. ಉಳದದ್ದೆಲ್ಲಾ ತಿನ್ನೂದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಜ್ವಾಳದ ಹಿಟ್ಟು. ವಿಮಾನದಾಗ ಕೊಟ್ಟ ಊಟದ ಡಬ್ಬಿ ಮುಟ್ಟಲಿಲ್ಲ, ಉಡ್ಯಾಗಿನ ರೊಟ್ಟಿ ಮುರಕೊಂಡ ತಿಂದ್ಲು. ಆ ಸಪ್ಪಳಕ್ಕ ಮುಂದಿನ ಸಾಲಿನಾಂವ ಎರಡ ಸರ್ತೆ ತಿರುಗಿ ನೋಡಿದ.

ಲಂಡನ್ನದಾಗ ಇಳದಮ್ಯಾಲ ತಪಾಸಣಿ ಮಾಡೋ ಹೆಣ್ಣಮಗಳು ರೊಟ್ಟಿ ಗಂಟ ಬಿಚ್ಚಿ, ಇದೇನು ಅಂತ ಕೇಳಿದ್ಲು. ನಾ ಬ್ರೆಡ್ ಅಂದೆ. ಆಕಿ ಒಂದನ್ನ ಬಡದ ನೋಡಿದ್ಲು, ಹಂಚಿನ ಗತೆ ಟಣ್ ಅಂತು. ಆಕಿಗೆ ನಂಬಿಕಿ ಬರಲಿಲ್ಲ. ನಾ ಅಲ್ಲೇ ಒಂದ ರೊಟ್ಟಿ ಕಡದು, ಅಗದು, ನುಂಗಿ ತೋರಿಸಬೇಕಾತು. ನೀರಿಲ್ಲದ ಕಟಕ ರೊಟ್ಟಿ ಗಂಟಲಾಗ ಸಿಕ್ಕು ನನ್ನ ಕಣ್ಣಾಗ ನೀರ ಬಂತು.

ಆಮ್ಯಾಲ ಅವ್ವನ ಕೊರಳಾಗಿನ, ಲಿಂಗ ಇಟ್ಟ ಬೆಳ್ಳಿ ಕರಡಿಗಿಗೆ ಯಂತ್ರ ಕೂಗಿತು. ಆ ಹೆಣ್ಣಮಗಳು ಕೈ ಚಾಚಿದ್ಲು. ಅವ್ವ ಹಾವ ಕಂಡಂಗ ಹಿಂದ ಸರದು, "ಏ, ಮುಟ್ಟಬ್ಯಾಡಂತ ಹೇಳ ಆಕಿಗೆ!" ಅಂತ ಚೀರಿದ್ಲು. ಇನ್ನ ನಮ್ಮನ್ನ ತಿರುಗಿ ಕಳಸತಾರ ಅಂತ ನಾ ನಡುಗಿಬಿಟ್ಟೆ. ನನ್ನ ಹರಕ ಮುರಕ ಇಂಗ್ಲಿಷಿನ್ಯಾಗ, ಇದರಾಗ ಆಕಿ ದೇವರು ಅದಾನು, ಬ್ಯಾರೆಯವರು ಮುಟ್ಟಂಗಿಲ್ಲ ಅಂದೆ. ಆಕಿ ತುಸು ವಿಚಾರ ಮಾಡಿ, ಎರಡೂ ಕೈ ಬೆನ್ನ ಹಿಂದ ಕಟಗೊಂಡು, ನೀವ ತಗದು ತೋರಿಸ್ರಿ, ನಾ ಬರೇ ನೋಡತೇನಿ ಅಂದ್ಲು. ಅವ್ವ ತಗದು ಅಂಗೈ ಮ್ಯಾಲ ಇಟ್ಟು ತೋರಿಸಿದ್ಲು. ಆಕಿ ಬಗ್ಗಿ ನೋಡಿ ಥ್ಯಾಂಕ್ಸ್ ಅಂದ್ಲು.

"ಭವಿ ಆದ್ರೂ ರೀತಿ ಐತಿ ನೋಡ" ಅಂದ್ಲು ಅವ್ವ. ಆಕಿ ಬಾಯಾಗ ಅದು ದೊಡ್ಡ ಸರ್ಟಿಫಿಕೇಟು.

ಎರಡ ಅಡಗಿಮನಿ

ಮಾದೇವಿ ಊರು ಸಮುದ್ರದ ದಂಡಿಗೆ ಐತಿ. ಮನಿಗೋಳು ಎಲ್ಲಾ ಕಲ್ಲಿನವು. ಗಾಳಿ ಅಂದ್ರ ಎಂಥಾ ಗಾಳಿ ಅಂತೀರಿ, ಅವ್ವ ಸೆರಗು ಹಲ್ಲಾಗ ಕಚ್ಚಿ ಹಿಡದ ನಡೀತಿದ್ಲು. ಮಾದೇವಿ ಬಾಗಲಾಗ ನಿಂತಿದ್ಲು. ಅರ್ಧಾ ಆಗಿದ್ಲ್ರಿ. ಎಡಗೈ ಮ್ಯಾಲ ಎತ್ತಾಕ ಬರತಿರಲಿಲ್ಲ. ಅವ್ವ ಆಕಿ ಮುಖ ನೋಡಿ, "ಏನ ತಿಂತಿ ಇಲ್ಲಿ, ಗಾಳಿ ತಿಂತಿಯೇನು?" ಅಂತ ಬೈದ್ಲು. ಬೈಕೋತನ ಅಪಗೊಂಡ್ಲು.

ಮಾದೇವಿ ನಮಗ ಮನಿ ತೋರಿಸಿದ್ಲು. ಅಡಗಿಮನಿ ಎರಡಿದ್ವು, ನಡುವ ಒಂದ ಬಾಗಲಾ. ಮುಂದಿನದು ಮಾದೇವಿ ಮತ್ತ ಆಲನ್‌ದು. ಹಿಂದಿನದು ಆಲನ್ನನ ತಾಯಿ ಜೀನ್‌ದು. ಒಂದ ಮನ್ಯಾಗ ಎರಡ ಒಲಿ ಯಾಕ ಅಂತ ಅವ್ವ ಕೇಳಿದ್ಲು. ಮಾದೇವಿ ನಗಲಿಕ್ಕೆ ಹತ್ತಿದ್ಲು. ಆ ನಗು ಚಲೋ ನಗು ಆಗಿರಲಿಲ್ಲ.

"ನಮ್ಮತ್ತಿ ಒಂದ ಸಣ್ಣ ಕ್ರಿಸ್ತರ ಸಭಾಕ್ಕ ಸೇರಿದಾಕಿ, ಯವ್ವಾ. ದೇವರ ದಾರಿ ತಮಗಷ್ಟ ಗೊತ್ತೈತಿ ಅನ್ನೂ ಮಂದಿ. ಅವರು ಸಭಾದ ಹೊರಗಿನವರ ಕೂಡ ಊಟಕ್ಕ ಕುಂದರೂದಿಲ್ಲ. ಆಲನ್ ನನ್ನ ಮದುವಿ ಆಗಬೇಕಂತ ಸಭಾ ಬಿಟ್ಟ. ಅವತ್ತಿಂದ ಆಕಿ ಹೆತ್ತ ಮಗನ ಕೂಡ ಒಂದ ಟೇಬಲ್ಲಿಗೆ ಕುಂತ ಉಂಡಿಲ್ಲ. ಅವನ ಅಂಗಿ ಒಗೀತಾಳ, ಜ್ವರ ಬಂದ್ರ ಹಣಿ ಮ್ಯಾಲ ಅರಬಿ ಹಾಕತಾಳ. ಉಣ್ಣಂಗಿಲ್ಲ ಅಷ್ಟ."

ಅವ್ವ ಗದ್ದಕ್ಕ ಕೈ ಹಚ್ಚಿದ್ಲು. "ಅಯ್ಯ ಶಿವನ! ಹೆತ್ತ ಮಗನ ಕೂಡ ಉಣ್ಣಂಗಿಲ್ಲಾ? ಇದೆಂಥಾ ಹೆಂಗಸ?"

ನಾನೂ ಮಾದೇವಿ ಒಬ್ಬರ ಮುಖ ಒಬ್ಬರು ನೋಡಿದ್ವಿ. ಅವ್ವಗ ಏನೂ ಹೊಳೀಲಿಲ್ಲ. ರೊಟ್ಟಿ ಗಂಟ ಬಿಚ್ಚಿ, ತನಗ ಒಂದ ಮೂಲಿ ಸಾರಿಸಿ ಕೊಡು ಅಂತ ನನಗ ಹೇಳಿದ್ಲು. ಅವತ್ತಿಂದ ಆ ಮನ್ಯಾಗ ಮೂರ ಅಡಗಿ ಆತು.

ಎರಡ ದಿನಾ ಆದಮ್ಯಾಲ ಮಾದೇವಿ ನನ್ನ ಬಾಜೂ ಕುಂತು ತನ್ನ ಆಸೆ ಹೇಳಿದ್ಲು. "ಡಾಕ್ಟರು ಎಲ್ಲಾ ತೆಗದೇವಿ ಅಂತಾರ. ನಾ ನರ್ಸ್ ಇದ್ದೇನಿ ಅಕ್ಕಾ, ಅವರು ಹೆಂಗ ಹೇಳತಾರ ಅಂತ ನನಗ ಗೊತ್ತೈತಿ. ನೀವು ಹೋಗೂದ್ರಾಗ ಅವ್ವ ನನ್ನ ಕೈದು ಒಂದ ಊಟಾ ಉಂಡ್ರ ಸಾಕು. ಮುಂದ ಏನರ ಆಗಲಿ."

ಆಗಲಿ, ನಾ ಮಾತಾಡತೇನಿ ಅಂದೆ. ಹೇಳೂದೇನೋ ಹೇಳಿದೆ, ಆದ್ರ ಅವ್ವನ ಮುಂದ ಹೋಗಿ ನಿಂತ್ರ ಆ ಮಾತು ಬಾಯಿಗೆ ಬರವೊಲ್ಲದು.

ಹಿತ್ತಲದಾಗ ಜಗಳಾ

ಜೀನ್ ಎತ್ತರದ ಮುದುಕಿ. ಬೆನ್ನ ನೆಟ್ಟಗ, ಮಾತ ಕಡಿಮಿ. ಸಭಾಕ್ಕ ಹೋಗಬೇಕಾದ್ರ ತಲಿಗೆ ವಸ್ತ್ರ ಕಟಗೋತಿದ್ಲು. ಅದನ್ನ ನೋಡಿ ಅವ್ವಗ ಭಾಳ ಸಮಾಧಾನ. ಐತವಾರ ಜೀನ್ ಅರಬಿ ಒಣಾಕ ಹಾಕೂದಿಲ್ಲ, ಅದು ದೇವರ ದಿನಾ ಅಂತ ಮಾದೇವಿ ಹೇಳಿದ್ಲು. "ನಾವು ಸೋಮವಾರ ಎತ್ತ ಹೂಡಂಗಿಲ್ಲಲ್ಲ, ಹಂಗ. ಇವರದು ಒಂದ ದಿನಾ ಮುಂದ ಐತಿ" ಅಂದ್ಲು ಅವ್ವ. ಇಡೀ ಧರ್ಮದ ಫರಕ್ಕು ಅಷ್ಟರಾಗ ಮುಗಿಸಿದ್ಲು.

ದಿನಾ ಮುಂಜಾನೆ ಇಬ್ಬರೂ ಹಿತ್ತಲದಾಗ ಭೇಟ್ಟಿ ಆಗತಿದ್ರು. ಅವ್ವ ದೊಡ್ಡ ಧ್ವನೀಲೆ, "ಬೀಗತೀ! ಆರಾಮ ಅದೀರೇನ್ರಿ ಬೀಗತೀ?" ಅಂತ ಕೇಳಾಕಿ. ಭಾಷಾ ತಿಳೀದಿದ್ರ ಧ್ವನಿ ಏರಿಸಿದ್ರ ತಿಳೀತೈತಿ ಅಂತ ಆಕಿ ನಂಬಿಕಿ. ಜೀನ್ ಮೊದಲ ದಿನಾ ತಲಿ ಅಲ್ಲಾಡಿಸಿದ್ಲು. ಎರಡನೇ ದಿನಾ ನಿಂತ ನೋಡಿದ್ಲು. ಮೂರನೇ ದಿನಾ ಅರಬಿ ಬುಟ್ಟಿ ಅಲ್ಲೇ ಬಿಟ್ಟು ಒಳಗ ಹೋಗಿ, ನಡುವಿನ ಬಾಗಲಾ ಅಗಳಿ ಹಾಕಿದ್ಲು.

ನಾಕ ದಿನಾ ಬಾಗಲಾ ತಗೀಲಿಲ್ಲ. ಅವ್ವ ಚಡಪಡಿಸಿದ್ಲು. "ಬೀಗತಿಗೆ ಸಿಟ್ಟ ಯಾಕ ಬಂತ? ನಾ ಏನ ಅಂದೆ? ಮಗಳ ಕೊಟ್ಟವರು ನಾವ, ಮಾತ ನಮ್ಮ ಮ್ಯಾಲ ಬರಬಾರದು."

ಐದನೇ ದಿನಾ ಆಲನ್ ನನ್ನ ಹೊರಗ ಕರದ. ಮುಖ ಕೆಂಪಾಗಿತ್ತು. "ಅಕ್ಕಾ," ಅಂದ, ಆ ಶಬ್ದ ಒಂದ ಅವ ಛಂದ ಕಲ್ತಿದ್ದ, "ಅವ್ವ ನಮ್ಮ ತಾಯಿಗೆ ದಿನಾ ಬಿಗಟ್ ಅಂತ ಯಾಕ ಬೈತಾರ?"

ನನಗ ತಿಳೀಲಿಲ್ಲ. ಮಾದೇವಿಗೆ ತಿಳೀತು. ಆಕಿ ಗ್ವಾಡಿ ಹಿಡಕೊಂಡು ನಕ್ಕದ್ದ ನಕ್ಕದ್ದು, ಹೊಲಿಗಿ ಹಾಕಿದ ಜಾಗಾ ಒತ್ತಿ ಹಿಡದು, "ಅಯ್ಯೋ ಸಾಕ, ನೋಯತೈತಿ" ಅಂತ ಕಣ್ಣೀರ ಹಾಕ್ಕೋತ ನಕ್ಲು. ನಾವು ಅಲ್ಲಿಗೆ ಹೋದಮ್ಯಾಲ ಆಕಿ ಖರೆ ಖರೆ ನಕ್ಕದ್ದು ಅದ ಮೊದಲು. ಬಿಗಟ್ ಅಂದ್ರ ಇಂಗ್ಲಿಷಿನ್ಯಾಗ ತನ್ನ ಧರ್ಮ ಒಂದ ಖರೆ, ಉಳದವರೆಲ್ಲಾ ಹಾಳ ಅನ್ನೋ ಮತಾಂಧ. ನಮ್ಮವ್ವ ಪ್ರೀತೀಲೆ ಬೀಗತಿ, ಬೀಗತಿ ಅಂದದ್ದು ಆ ಮುದುಕಿ ಕಿವ್ಯಾಗ ಹಂಗ ಬಿದ್ದಿತ್ತು.

ನಾ ಹೋಗಿ ಬಾಗಲಾ ಬಡದೆ. ಜೀನ್ ತಗದ್ಲು, ಹೊಸ್ತಿಲದ ಒಳಗ ಆಕಿ, ಹೊರಗ ನಾನು. ಆಕಿ ಮಾತು ಇಂಗ್ಲಿಷಿಂದು, ನಾ ನಮ್ಮ ಮಾತಿನ್ಯಾಗ ಹೇಳತೇನಿ.

"ಅದು ಬೈಗಳಲ್ರಿ. ಬೀಗತಿ ಅಂದ್ರ ಮಗಳ ಅತ್ತಿ, ಇಲ್ಲಾ ಮಗನ ಅತ್ತಿ. ಮದುವ್ಯಾಗ ಕೂಡಿದ ಇಬ್ಬರು ತಾಯಂದಿರು ಒಬ್ಬರಿಗೊಬ್ಬರು ಬೀಗತ್ಯಾರು. ನಿಮ್ಮಲ್ಲಿ ಏನಂತಾರ?"

ಜೀನ್ ವಿಚಾರ ಮಾಡಿದ್ಲು. "ನಮ್ಮಲ್ಲಿ ಏನೂ ಅನ್ನೂದಿಲ್ಲ. ಶಬ್ದನ ಇಲ್ಲ."

"ಹಂಗಾದ್ರ ನೀವು ಅವರಿಗೆ ಏನಾಗಬೇಕು?"

"ಏನೂ ಆಗಂಗಿಲ್ಲ ಅಂತ ತಿಳಕೊಂಡಿದ್ದೆ" ಅಂದ್ಲು. ಆಮ್ಯಾಲ ಸಣ್ಣ ಧ್ವನೀಲೆ, "ನನಗ ಸಿಟ್ಟ ಬಂದಿರಲಿಲ್ಲ. ನನ್ನ ಮಗಾ ಸಭಾ ಬಿಟ್ಟ ದಿನಾ ನನಗ ಅದ ಶಬ್ದ ಅಂದು ಹೋಗಿದ್ದ. ದೂರ ದೇಶದಿಂದ ಬಂದಾಕಿಗೂ ಮುಖಾ ನೋಡಿದ ಕೂಡಲೆ ತಿಳೀತೇನೋ ಅಂತ ಹೆದರಿದೆ" ಅಂದ್ಲು.

ಮರುದಿನಾ ಹಿತ್ತಲದಾಗ ಜೀನ್ ಅವ್ವನ ಮುಂದ ನಿಂತು, ಪಾಠ ಒಪ್ಪಿಸೂ ಹುಡುಗಿಯಂಗ, "ಬೀ-ಗ-ತಿ, ಗುಡ್ ಮಾರ್ನಿಂಗ್" ಅಂದ್ಲು. ಅವ್ವ ಹಿಗ್ಗಿ ಹೀರಿಕಾಯಿ ಆದ್ಲು.

ಬಿದ್ದ ಕೋಟಿ

ಒಂದಿನ ಆಲನ್ ನಮ್ಮನ್ನ ಹತ್ತರದ ಒಂದ ಕೋಟಿ ನೋಡಾಕ ಕರಕೊಂಡ ಹೋದ. ಅರ್ಧಾ ಬಿದ್ದಿತ್ತು. ನಮ್ಮ ಕಿತ್ತೂರಿನದರಂಗ ಹುಲ್ಲ ಬೆಳದಿತ್ತು, ತೊರಗಲ್ಲಿನದರಷ್ಟ ಎತ್ತರಕ್ಕ ಇರಲಿಲ್ಲ. ತೋರಿಸಾಂವ, ಈ ಕೋಟ್ಯಾಗ ವೈರಿ ಅಂತ ಒಬ್ಬನೂ ಕಾಲಿಟ್ಟಿಲ್ಲ ಅಂತ ಹೆಮ್ಮಿಲೆ ಹೇಳಿದ. ನಾ ಅವ್ವಗ ತಿಳಿಸಿ ಹೇಳಿದೆ. "ಮತ್ತ ಕೆಡವಿದವರು ಯಾರು?" ಅಂದ್ಲು. ಮಳಿ ಗಾಳಿ ಅಂದ ಅವ. ಅವ್ವ, "ಪಾಪ, ಕಾವಲ ಕಾಯೂದ್ರಾಗ ರಿಪೇರಿ ಮಾಡೂದ ಮರತ್ರು" ಅಂದ್ಲು.

ಬರೂ ಮುಂದ ಗಾಡ್ಯಾಗ ಅವ್ವ ತಾನಾಗಿ ರಾಮದುರ್ಗದ ಬಸ್ಸಿನ ಮಾತ ತಗದ್ಲು. ನಮ್ಮ ಸೋದರತ್ತಿ ಮನಿ ರಾಮದುರ್ಗದಾಗ ಐತಿ. ಸವದತ್ತಿ ಮ್ಯಾಲ ಹೋಗಬೇಕು. ಬಸ್ಸಿನ್ಯಾಗ ಉಗರಗೋಳಕ್ಕ ಇಳಿಯೂ ಮಂದಿ ತುಂಬಿರತಾರ, ಎಲ್ಲಮ್ಮನ ಗುಡ್ಡ ಕಂಡ ಕೂಡಲೆ ಎಲ್ಲಾರೂ ಕೈ ಮುಗೀತಾರ, ನಮ್ಮ ಓಣಿ ಲಿಂಗವಂತರೂ ಮುಗೀತಾರ. ಅವ್ವ ಮಾತ್ರ ಮುಖಾ ಆ ಕಡೆ ತಿರುಗಿಸಿ ಕುಂದರಾಕಿ. ತನ್ನ ದೇವರು ತನ್ನ ಎದಿ ಮ್ಯಾಲ ಅದಾನು, ಗುಡ್ಡದ ಕಡೆ ನೋಡಿದ್ರ ಅವಗ ಅವಮಾನ ಅಂತ.

"ಒಮ್ಮೆ ಬಾಜೂ ಕುಂತ ಒಬ್ಬ ಮುದುಕಿ ನನಗ ಎಲ್ಲಮ್ಮನ ಅರಿಷಿಣದ ಭಂಡಾರ ಕೊಡಾಕ ಬಂದಿದ್ಲು" ಅಂದ್ಲು ಅವ್ವ. "ನಾ ಕೈ ಹಿಂದ ತಗೊಂಡೆ. ಆಕಿ ಮುಖಾ ಸಣ್ಣದಾತು. ಯಾಕೋ ಈಗ ನೆನಪಾತು ನೋಡ."

ಕೇಳಬೇಕಾದ ಮಾತು

ಬಿಸಲ ಬಿದ್ದ ದಿನಾ ಇಬ್ಬರೂ ಹಿತ್ತಲದಾಗ ಎರಡ ಖುರ್ಚಿ ಹಾಕ್ಕೊಂಡ ಕುಂದರತಿದ್ರು. ಜೀನ್ ಸ್ವೆಟರ್ ಹೆಣ್ಯಾಕಿ, ಅವ್ವ ಬತ್ತಿ ಹೊಸ್ಯಾಕಿ, ನಡುವ ನಾ ದುಭಾಷಿ. ಇಬ್ಬರಿಗೂ ದೇವರ ಮಾತ ಬಿಟ್ಟ ಬ್ಯಾರೆ ಬೇಕಿರಲಿಲ್ಲ.

ಜೀನ್ ಅಂದ್ಲು: "ದೇವರು ಪರಿಪೂರ್ಣ. ಅವನ ಪಂಕ್ತಿ ಶುದ್ಧ ಇರಬೇಕು. ಅಶುದ್ಧರ ಕೂಡ ಉಂಡ್ರ ಅವಗ ಅಪಚಾರ."

ನಾ ಅವ್ವಗ ಹೇಳಿದೆ. ಅವ್ವ ತಲಿ ತೂಗಿ, "ಹೌಂದಲ್ಲ ಮತ್ತ! ಬರೋಬ್ಬರಿ ಹೇಳತಾಳ" ಅಂದು, ಅದನ್ನ ತಿರುಗಿ ಹೇಳಿದ್ಲು. ನಾ ಅದನ್ನ ಇಂಗ್ಲಿಷಿಗೆ ತಂದ್ರ ಜೀನ್ ತಲಿ ತೂಗಿದ್ಲು. ನನ್ನ ಪಿತ್ತ ನೆತ್ತಿಗೇರಿತು. ಇಷ್ಟ ಒಂದ ಮನಸಿನ ಇಬ್ಬರು ಹೆಂಗಸರನ್ನ ನಾ ಜನ್ಮದಾಗ ನೋಡಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಹೊರಗ ಇಟ್ಟವರ. "ನಾ ಇನ್ನ ಹೇಳಂಗಿಲ್ಲ ಹೋಗ್ರಿ, ಇದನ್ನ ಆಕಿ ಆಗಲೇ ಹೇಳ್ಯಾಳ" ಅಂತ ಸಿಡದೆ.

ಅವ್ವ ಬತ್ತಿ ಹೊಸಿಯೂದ ನಿಲ್ಲಿಸಿ ಹತ್ತಿ ಉಡ್ಯಾಗ ಇಟಗೊಂಡ್ಲು. ಆಮ್ಯಾಲ, "ಒಂದ ಕೇಳ ಆಕಿನ್ನ. ನಾ ಮುಟ್ಟಿದ್ರ ಆಕಿ ದೇವರಿಗೆ ಏನಾಗತೈತಿ?" ಅಂದ್ಲು.

ಜೀನ್ ತಟ್ಟನೆ, "ಅವಗ ಏನೂ ಆಗಂಗಿಲ್ಲ. ಏನರ ಆದ್ರ ಅವ ಪರಿಪೂರ್ಣ ಹೆಂಗ ಆದಾನು?" ಅಂದ್ಲು.

"ಮತ್ತ ಯಾರಿಗೆ ಆಗತೈತಿ?"

ಜೀನ್ ಸೂಜಿ ನಿಂತ್ವು. ಸಮುದ್ರದ ಕಡೆ ನೋಡಿದ್ಲು. "ನನಗ" ಅಂದ್ಲು. ಆಮ್ಯಾಲ ನನ್ನ ಕಡೆ ತಿರುಗಿ, "ಆಕಿ ದೇವರಿಗೆ?" ಅಂತ ಕೇಳಿದ್ಲು.

ಅವ್ವ ಎದಿ ಮ್ಯಾಲಿನ ಕರಡಿಗಿ ಮುಟಗೊಂಡ್ಲು. "ನಮ್ಮವಗೂ ಏನೂ ಆಗಂಗಿಲ್ಲ" ಅಂದ್ಲು. ಅಂದು ನನ್ನ ಮ್ಯಾಲ ಹರಿಹಾಯ್ದ್ಲು. "ನೀ ಇಷ್ಟ ಸಾಲಿ ಕಲಸತಿ, ಊರಿಗೆಲ್ಲಾ ಬುದ್ಧಿ ಹೇಳತಿ. ಪಡಸಾಲ್ಯಾಗ ಆ ತಾಟ ಇಟ್ಟ ದಿನಾ ಇದನ್ನ ನೀ ಯಾಕ ಕೇಳಲಿಲ್ಲ?"

ಅವ್ವ ಎದ್ದ ಒಳಗ ಹೋದ್ಲು. ಇನ್ನ ಎಲ್ಲಾ ಸರಿ ಆತು ಅಂತ ನಾ ಹಿಗ್ಗಿದ್ರ, ಅವತ್ತೂ ತನ್ನ ಮೂಲ್ಯಾಗ ತಾನ ಬೇಯಿಸಿಕೊಂಡ ಉಂಡ್ಲು. "ತಿಳೀತು ಖರೆ. ಕೈ ಕೇಳವೊಲ್ಲದು. ಅರವತ್ತು ವರ್ಷದ ಕೈ ಇದು" ಅಂದ್ಲು.

ಜೀನ್‌ದೂ ಅದ ಹಾಡು. ಆ ವಾರದಾಗ ಸಭಾದ ಇಬ್ಬರು ಕರೇ ಕೋಟಿನವರು ಬಂದು, ಮನ್ಯಾಗ ಇರೂ ಪರದೇಶಿಗಳ ಕೂಡ ಉಂಡಿಯೇನು ಅಂತ ವಿಚಾರಿಸಿ ಹೋದ್ರು. ಉಂಡ್ರ ಆಕಿನ್ನ ಹೊರಗ ಹಾಕತಿದ್ರು. ಆಮ್ಯಾಲ ಒಡಹುಟ್ಟಿದ ಅಕ್ಕನೂ ದಾರ್ಯಾಗ ಕಂಡ್ರ ಮಾತಾಡಂಗಿಲ್ಲ ಅಂತ ಮಾದೇವಿ ಹೇಳಿದ್ಲು. ನನಗ ಆ ಮುದುಕಿ ಮ್ಯಾಲ ಇದ್ದ ಸಿಟ್ಟು ಅವತ್ತ ಹೋತು.

ಹೊರಡೂ ಹಿಂದಿನ ದಿನಾ

ಮಾದೇವಿ ಯಾರನ್ನೂ ಕೇಳಲಿಲ್ಲ. ಮುಂಜಾನೆ ಎದ್ದು ಜಳಕಾ ಮಾಡಿ ಒಲಿ ಮುಂದ ನಿಂತ್ಲು. ಬದನಿಕಾಯಿ ಎಣ್ಣಿಗಾಯಿ, ಝುಣಕ, ಮೊಸರು. ಎಡಗೈ ಏಳವೊಲ್ಲದು, ಒಂದ ಕೈಲೆ ರೊಟ್ಟಿ ಬಡದ್ಲು. ನಾ ಬಡೀತೇನಿ ಬಿಡ ಅಂದ್ರ ಬಿಡಲಿಲ್ಲ. ರೊಟ್ಟಿ ದಪ್ಪ ದಪ್ಪ ಆದ್ವು, ಅಂಚು ಹರದ್ವು. ಅವ್ವ ತನ್ನ ಮೂಲ್ಯಾಗ ಕುಂತು ಎಲ್ಲಾ ನೋಡಾಕ ಹತ್ತಿದ್ಲು.

ಟೇಬಲ್ಲಿಗೆ ನಾಕ ಖುರ್ಚಿ. ಆಲನ್, ನಾನು, ಮಾದೇವಿ ಕುಂತ್ವಿ. ನಾಕನೇದರ ಮುಂದ ಮಾದೇವಿ ತಾಟ ಬಡಿಸಿ ಇಟ್ಲು. ನಡುವಿನ ಬಾಗಲಾ ತಗದು ಜೀನ್ ತನ್ನ ಖುರ್ಚಿ ಹೊಸ್ತಿಲಕ್ಕ ತಂದು ಹಾಕ್ಕೊಂಡ್ಲು, ತನ್ನ ಕಡೆ. ತೊಡಿ ಮ್ಯಾಲ ತನ್ನ ತಾಟು, ಅದರಾಗ ತನ್ನ ಬಟಾಟಿ. ಅಷ್ಟ ದೂರ ಆಕಿ ಬಂದಿದ್ಲು.

ಅವ್ವ ಲಿಂಗಪೂಜಾ ಮುಗಿಸಿ, ಹಣಿ ತುಂಬ ಇಬತ್ತಿ ಹಚ್ಚಿಕೊಂಡು ಬಂದು ತಾಟಿನ ಹಂತ್ಯಾಕ ನಿಂತ್ಲು. ಮಾದೇವಿ ತಲಿ ಎತ್ತಲಿಲ್ಲ. "ಒಮ್ಮೆ ಉಣ್ಣ ಯವ್ವಾ. ನಾ ಉಳದ್ರೂ, ಇಲ್ಲದಿದ್ರೂ, ನನಗ ಇದೊಂದ ಇರಲಿ" ಅಂದ್ಲು.

ಅವ್ವ ಕುಂತ್ಲು. ರೊಟ್ಟಿ ಮುರದ್ಲು. ಎಣ್ಣಿಗಾಯಿ ಹಚ್ಚಿಕೊಂಡು ಬಾಯಾಗ ಇಟ್ಟು ಸಾವಕಾಶ ಅಗದ್ಲು. ನುಂಗಿದ್ಲು.

"ಉಪ್ಪ ಕಡಿಮಿ ಆತಲ್ಲಲೇ ಮಾದೇವಿ" ಅಂದ್ಲು.

ಮಾದೇವಿ ಟೇಬಲ್ಲಿನ ಮ್ಯಾಲ ತಲಿ ಇಟ್ಟು ಅತ್ತಳ್ರಿ. ನಾನೂ ಅತ್ತೆ. ಅವ್ವ, "ಅಳೂದೇನ ಬಂತ ಖೋಡೀ, ಉಪ್ಪ ತಗೊಂಡ ಬಾ" ಅಂತ ಬೈದ್ಲು, ತನ್ನ ಮೂಗೂ ಸೆರಗಿಗೆ ಒರಸಕೋತ.

ಏನಂದ್ಲು ಅಂತ ಹೊಸ್ತಿಲದಿಂದ ಜೀನ್ ಕೇಳಿದ್ಲು. ಉಪ್ಪಿಲ್ಲ ಅಂತ, ಅಂದೆ. ಜೀನ್ ತನ್ನ ತಾಟು ಕೆಳಗ ಇಟ್ಟು ಎದ್ದು, ತನ್ನ ಅಡಗಿಮನ್ಯಾಗಿನ ಉಪ್ಪಿನ ಬಟ್ಟಲಾ ತಗೊಂಡು, ಹೊಸ್ತಿಲಾ ದಾಟಿ ಬಂದು, ಅವ್ವನ ಮುಂದ ಹಿಡದ್ಲು. ಅವ್ವ ಆ ಬಟ್ಟಲಾ ನೋಡಿದ್ಲು, ಆಕಿ ಮುಖಾ ನೋಡಿದ್ಲು. ಎರಡ ಬಟ್ಟ ಹಾಕಿ ಚಿಟಿಕಿ ತಗೊಂಡು ಎಣ್ಣಿಗಾಯಿ ಮ್ಯಾಲ ಉದರಿಸಿದ್ಲು.

"ಈಗ ಸರಿ ಆತೇನ ನೋಡು ಅಂತ ಹೇಳ ಆಕಿಗೆ" ಅಂದ್ಲು. ಅಂದು ಒಂದ ತುಣುಕ ರೊಟ್ಟಿಗೆ ಹಚ್ಚಿ ಕೈ ಮುಂದ ಮಾಡಿದ್ಲು.

ನಾ ಅದನ್ನ ಇಂಗ್ಲಿಷಿನ್ಯಾಗ ಹೇಳಲಿಲ್ಲ. ಹೇಳೂದು ಬೇಕಾಗಲಿಲ್ಲ. ಕಿಡಕಿ ಹೊರಗ ಓಣ್ಯಾಗ ಮಂದಿ ಅಡ್ಡಾಡತಿದ್ರು, ಒಳಗಿಂದೆಲ್ಲಾ ಅವರಿಗೆ ಕಾಣತಿತ್ತು. ಜೀನ್ ಒಮ್ಮೆ ಆ ಕಡೆ ನೋಡಿದ್ಲು. ಆಮ್ಯಾಲ ಅವ್ವನ ಕೈಯಾಗಿನ ತುತ್ತು ತಗೊಂಡು ಬಾಯಾಗ ಹಾಕ್ಕೊಂಡ್ಲು.

ಆಲನ್ ಎದ್ದು ತನ್ನ ಖುರ್ಚಿ ತಾಯಿ ಕಡೆ ಸರಿಸಿದ. ಆಕಿ ಕುಂತ್ಲು. ಅವ ಊಟಾ ಮುಗಿಯೂತನಕ ತಾಯಿ ಬಾಜೂ ನಿಂತ ಉಂಡ.